ಅಜ್ಜಿ ಕಥೆ ಸಿನಿಮಾ ಆದಾಗ: ನಿಮ್ಗೆ ಯಾವ್ದು ಇಷ್ಟ? (ಕಾರ್ಟೂನ್ ಬೇಡ, ಮನುಷ್ಯರು ಆಕ್ಟ್ ಮಾಡಿರೋದು ಹೇಳಿ)

ಆಲ್ದೂರು ಮಳೆ
ಎಲ್ರಿಗೂ ನಮಸ್ಕಾರ. ನಮ್ ಕಡೆ ಹತ್ತು ದಿನದಿಂದ ಹಿಡ್ದಿರೋ ಮಳೆ ಬಿಟ್ಟಿಲ್ಲ, ಸ್ಕೂಲಿಗೆ ರಜಾ, ಅಕ್ಕನ ಮಗಳು (ಎರಡನೇ ಕ್ಲಾಸು) ನಮ್ಮನೇಲೇ ಠಿಕಾಣಿ ಹೂಡಿದಾಳೆ. ಕರೆಂಟ್ ಇದ್ದಷ್ಟು ಹೊತ್ತೂ ಒಂದೇ ಸಿನಿಮಾ, 2015ರ ಸಿಂಡ್ರೆಲಾ, ಕೆನೆತ್ ಬ್ರಾನಾ ಡೈರೆಕ್ಷನ್‌ದು. ನಾಲ್ಕನೇ ಸಲ ಓಡ್ತಿದ್ದಾಗ ನಾನೂ ಮೊರ ಇಟ್ಕೊಂಡು ಅಕ್ಕಿ ಆರಿಸ್ತಾ ಕೂತಿದ್ದೆ, ಪಕ್ಕದಲ್ಲಿ ಅಜ್ಜಿ.

ಹುಡ್ಗಿಗೆ ಆ ನೀಲಿ ಗೌನು, ಕುಂಬಳಕಾಯಿ ಸಾರೋಟು ಇಷ್ಟಾದ್ರೆ ಸಾಕು. ನಂಗೆ ಹಿಡ್ಸಿದ್ದು ಬೇರೆ ಸೀನು. ಮಲತಾಯಿ (ಕೇಟ್ ಬ್ಲಾಂಚೆಟ್) ಅಟ್ಟದ ಮೇಲೆ ಬರ್ತಾಳೆ, ಬಚ್ಚಿಟ್ಟಿದ್ದ ಗಾಜಿನ ಚಪ್ಪಲಿ ಅವಳ ಕೈಗೆ ಸಿಕ್ಕಿರತ್ತೆ, ಒಂದೂರಲ್ಲಿ ಒಬ್ಳು ಚೆಂದದ ಹುಡ್ಗಿ ಇದ್ಲು ಅಂತ ಕಥೆ ಹೇಳೋ ಥರ ಶುರು ಮಾಡಿ ತಂದೇ ಕಥೆ ಹೇಳ್ತಾಳೆ, ಪ್ರೀತಿಸಿದವನ್ನ ಮದ್ವೆ ಆದೆ, ಎರಡು ಹೆಣ್ಮಕ್ಳಾದ್ವು, ಗಂಡ ಹೋಗ್ಬಿಟ್ಟ ಅಂತ. ಒಂದ್ ಗಳಿಗೆ ಪಾಪ ಅನ್ಸತ್ತೆ. ಪಾಪ ಅನ್ಸಿದ ತಕ್ಷಣ ಚಪ್ಪಲಿ ಒಡೆದು ಪುಡಿ ಮಾಡ್ತಾಳೆ. ಮೊರ ಕೈಲೇ ಉಳೀತು ನಂಗೆ.

ಅಜ್ಜಿ ಮಾತ್ರ ಪೂರ್ತಿ ನೋಡಿ ಒಂದೇ ಪ್ರಶ್ನೆ ಕೇಳ್ತು. "ಒಲೆ ಮುಂದೆ ಮಲಗೋ ಹುಡ್ಗಿ ಅಂತೀಯ, ಕೆನ್ನೆಗೆ ಪೌಡ್ರು ಬಳ್ದಂಗೆ ಬೂದಿ ಬಳ್ದವ್ರೆ, ಉಗುರಲ್ಲಿ ಒಂದ್ಚೂರು ಮಸಿ ಇಲ್ವಲ್ಲೇ?"

ಅದಕ್ಕೇ ಕೇಳ್ತಿರೋದು. ಇಂಥ ಕಥೆಗಳ ಸಿನಿಮಾದಲ್ಲಿ ನಿಮ್ಗೆ ಇಷ್ಟ ಆಗಿದ್ದು ಯಾವ್ದು, ಅಜ್ಜಿಯ ಮಸಿ ಟೆಸ್ಟಲ್ಲಿ ಪಾಸಾಗೋದು ಯಾವ್ದಾದ್ರೂ ಇದ್ಯಾ?

ಹಾಸನ ಹುಡ್ಗಿ
ಅಕ್ಕ ಅಜ್ಜಿಗೆ ಎವರ್ ಆಫ್ಟರ್ ತೋರ್ಸಿ, 1998ದು, ಡ್ರೂ ಬ್ಯಾರಿಮೋರ್. ಅದೂ ಸಿಂಡ್ರೆಲಾನೇ, ಆದ್ರೆ ಮಂತ್ರ ಮಾಯ ಏನೂ ಇಲ್ಲ, ದೇವತೆ ಮಾಡೋ ಕೆಲ್ಸ ಲಿಯೊನಾರ್ಡೊ ಡಾ ವಿಂಚಿ ಮಾಡ್ತಾನೆ 😂 ಹುಡ್ಗಿ ತೋಟದಲ್ಲಿ ಕೆಲ್ಸ ಮಾಡ್ತಾಳೆ, ಹಂದಿ ಮೇಯಿಸ್ತಾಳೆ, ಪುಸ್ತಕ ಓದ್ತಾಳೆ. ಒಂದ್ ಸೀನಲ್ಲಿ ಕಾಡಲ್ಲಿ ಕಳ್ಳರ ಗುಂಪು ರಾಜಕುಮಾರನ್ನೂ ಇವ್ಳನ್ನೂ ಹಿಡ್ದಿರತ್ತೆ, ನೀನು ಎಷ್ಟು ಹೊರಕ್ಕಾಗತ್ತೋ ಅಷ್ಟು ತಗೊಂಡ್ ಹೋಗು ಅಂತಾರೆ ಅವ್ರು, ಇವ್ಳು ಸೀದಾ ಹೋಗಿ ರಾಜಕುಮಾರನ್ನೇ ಹೆಗಲ ಮೇಲೆ ಎತ್ಕೊಂಡು ಹೊರಟುಬಿಡ್ತಾಳೆ. ನಮ್ ಹಾಸ್ಟೆಲಲ್ಲಿ ಆ ಸೀನಿಗೆ ಬಿದ್ದ ಶಿಳ್ಳೆ ಯಾವ ಹೀರೋ ಎಂಟ್ರಿಗೂ ಬಿದ್ದಿಲ್ಲ.

ಮೂಡಿಗೆರೆ ಮಾರಾಯ
ನಂದು ಸ್ನೋ ವೈಟ್ ಅಂಡ್ ದ ಹಂಟ್ಸ್‌ಮನ್, 2012. ಕಥೆ ಬಿಡಿ ಮಾರ್ರೆ, ಆ ಕನ್ನಡಿ ಇದ್ಯಲ್ಲ, ಗೋಡೆಯಿಂದ ಕರಗಿದ ಚಿನ್ನದ ಥರ ನೆಲಕ್ಕೆ ಇಳ್ದು ಮುಸುಕು ಹಾಕ್ಕೊಂಡ ಮನುಷ್ಯ ಆಗಿ ಎದ್ದು ನಿಲ್ಲತ್ತೆ, ಅದೊಂದಕ್ಕೇ ಟಿಕೆಟ್ ದುಡ್ಡು ವಸೂಲಿ. ಆದ್ರೆ ನಂದೊಂದು ಡೌಟು, ಚಾರ್ಲೀಜ್ ಥೆರಾನ್ ಎದುರಿಗೆ ನಿಂತಿದ್ರೂ ಲೋಕದಲ್ಲಿ ನಿನಗಿಂತ ಚೆಲುವೆ ಇನ್ನೊಬ್ಳು ಇದಾಳೆ ಅನ್ನೋ ಕನ್ನಡಿಗೆ ಕಣ್ಣು ಟೆಸ್ಟ್ ಮಾಡಿಸ್ಬೇಕಲ್ವಾ

ಬೇಲೂರು ಗೈಡ್ ಮಗ
ನಮ್ಮೂರ ದರ್ಪಣ ಸುಂದರಿ 900 ವರ್ಷದಿಂದ ಕನ್ನಡಿ ಹಿಡ್ಕೊಂಡೇ ನಿಂತವ್ಳೆ. ಒಂದಿನ ಆದ್ರೂ ನಂಗಿಂತ ಚೆಲುವೆ ಯಾರು ಅಂತ ಕೇಳಿದ್ದಾಳಾ? ಕೇಳೋ ಅಗತ್ಯನೇ ಇಲ್ಲ ಗುರು ಅವಳಿಗೆ

ಮೂಡಿಗೆರೆ ಮಾರಾಯ
ಮಳೆಗಾಲದಲ್ಲಿ ಟೂರಿಸ್ಟ್ ಕಮ್ಮಿ ಅಂತ ಕಾಣತ್ತೆ, ಇಲ್ಲಿ ಬಂದು ಗೈಡ್ ಮಾಡ್ತಿದ್ಯ

ನಿವೃತ್ತ ಮೇಷ್ಟ್ರು
ಅಜ್ಜಿಯವರ ಪ್ರಶ್ನೆ ಸರಿಯಾಗಿದೆ ತಾಯಿ. ಆ ಹುಡುಗಿಯ ಹೆಸರಲ್ಲೇ ಬೂದಿ ಇದೆ. ಫ್ರೆಂಚಲ್ಲಿ ಸಾಂದ್ರಿಯೋಂ, ಜರ್ಮನಲ್ಲಿ ಆಶೆನ್‌ಪುಟಲ್, ಎರಡರಲ್ಲೂ ಒಲೆ ಬೂದಿಯಲ್ಲಿ ಬಿದ್ದಿರೋಳು ಅನ್ನೋ ಅರ್ಥ. ಈಗ ಸಿನಿಮಾದವರು ಹಿಡ್ಕೊಂಡಿರೋ ಕುಂಬಳಕಾಯಿ, ಗಾಜಿನ ಚಪ್ಪಲಿ, ದೇವತೆ ಎಲ್ಲ ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಬರೆದ ಕಥೆಯಿಂದ ಬಂದಿದ್ದು, ಅದು ಅರಮನೆ ಮಂದಿಗೆ ಒಪ್ಪುವ ಹಾಗೆ ಬರೆದದ್ದು. ಗ್ರಿಮ್ ಸಹೋದರರ ಸಂಗ್ರಹದ ಮೊದಲ ಸಂಪುಟ 1812ರದ್ದು, ಅದರಲ್ಲಿ ದೇವತೆ ಗೀವತೆ ಇಲ್ಲ. ತಾಯಿಯ ಗೋರಿ ಮೇಲೆ ಬೆಳೆದ ಮರ, ಅದಕ್ಕೆ ಮಗಳ ಕಣ್ಣೀರೇ ನೀರು, ಬಟ್ಟೆ ಬರೋದು ಆ ಮರದಿಂದ. ಚಪ್ಪಲಿ ಹಿಡಿಸಲಿ ಅಂತ ಅಕ್ಕಂದಿರಲ್ಲಿ ಒಬ್ಬಳು ಕಾಲ್ಬೆರಳು ಕತ್ತರಿಸ್ಕೋತಾಳೆ, ಇನ್ನೊಬ್ಬಳು ಹಿಮ್ಮಡಿ. ಮುಂದಿನ ಆವೃತ್ತಿಯಲ್ಲಿ ಪಾರಿವಾಳಗಳು ಅವರ ಕಣ್ಣು ಕುಕ್ಕೋದೂ ಸೇರಿತು. ಸ್ನೋ ವೈಟ್ ಕಥೆಯಲ್ಲೂ ಅಷ್ಟೆ, 1812ರಲ್ಲಿ ಆ ರಾಣಿ ಮಲತಾಯಿ ಅಲ್ಲ, ಹೆತ್ತ ತಾಯಿ. ಹೆತ್ತವಳು ಹಾಗೆ ಮಾಡಿದಳು ಅಂತ ಮಕ್ಕಳ ಪುಸ್ತಕದಲ್ಲಿ ಹಾಕೋದು ಹೇಗೆ ಅಂತ 1819ರಲ್ಲಿ ಮಲತಾಯಿ ಮಾಡಿದರು. ಮಲತಾಯಂದಿರ ಹೆಸರು ಅಲ್ಲಿಂದ ಕೆಟ್ಟಿದ್ದು ಇನ್ನೂ ಸರಿಹೋಗಿಲ್ಲ.

ಹಾಸನ ಹುಡ್ಗಿ
ಸರ್ ರಾತ್ರಿ ಊಟ ಮಾಡ್ತಾ ಓದಿದೆ ಇದನ್ನ. ಹಿಮ್ಮಡಿ 🙏

ಕಾಫಿ ಕುಡ್ಕ ಚಿಕ್ಮಗ್ಳೂರು
ಅದೇ 2012ರಲ್ಲೇ ಬಂದ ಇನ್ನೊಂದು ಸ್ನೋ ವೈಟ್ ಯಾರೂ ಹೇಳ್ಲಿಲ್ವಲ್ಲ, ಮಿರರ್ ಮಿರರ್. ಡೈರೆಕ್ಟರ್ ನಮ್ ಜಲಂಧರ್‌ನಲ್ಲಿ ಹುಟ್ಟಿದ ತರ್ಸೆಮ್ ಸಿಂಗ್. ಜೂಲಿಯಾ ರಾಬರ್ಟ್ಸ್ ರಾಣಿ. ಸಿನಿಮಾ ಅಂಥಾ ಗ್ರೇಟ್ ಏನಲ್ಲ, ಅರ್ಧ ಕಾಮಿಡಿ ವರ್ಕ್ ಆಗಲ್ಲ, ಬಟ್ಟೆ ನೋಡೋಕ್ಕೆ ಹೋಗ್ಬೇಕು ಅಷ್ಟೆ. ಜಪಾನಿನ ಐಕೊ ಇಷಿಯೋಕಾ ಮಾಡಿದ್ದು, ಸಿನಿಮಾ ರಿಲೀಸ್ ಆಗೋ ಮುಂಚೆ ತೀರ್ಕೊಂಡ್ರು, ಅವರ ಕೊನೇ ಕೆಲ್ಸ ಅದು. ಕುಳ್ಳರು ಬುಗ್ಗೆ ಥರ ಉದ್ದ ಆಗೋ ಕೋಲುಗಾಲು ಕಟ್ಕೊಂಡು ದರೋಡೆ ಮಾಡೋದು ಒಂದು ಚೆನ್ನಾಗಿದೆ. ಕೊನೇಲಿ ನಮ್ ಹಿಂದಿ ಸಿನಿಮಾ ಥರ ಎಲ್ರೂ ಕುಣೀತಾರೆ. ಪಂಜಾಬಿ ಮದ್ವೆ ನೋಡಿದವ್ರಿಗೆ ಆಶ್ಚರ್ಯ ಆಗಲ್ಲ.

ಚನ್ನರಾಯಪಟ್ಣ ಟು ಓಸ್ಲೋ
ನಾನು ನಾರ್ವೇಲಿರೋದು ಆರು ವರ್ಷ ಆಯ್ತು. ಇಲ್ಲಿ ಕ್ರಿಸ್ಮಸ್ ಹಿಂದಿನ ದಿನ ಬೆಳಗ್ಗೆ ಟಿವೀಲಿ ಒಂದು ಸಿನಿಮಾ ಹಾಕ್ತಾರೆ

ಬೇಲೂರು ಗೈಡ್ ಮಗ
ನಾರ್ವೆ ಅಂದ್ರೆ ಕೊಪ್ಪದ ಹತ್ರ ನಾರ್ವೆನಾ ಸರ್

ಚನ್ನರಾಯಪಟ್ಣ ಟು ಓಸ್ಲೋ
ಪೂರ್ತಿ ಟೈಪ್ ಮಾಡೋಕ್ಕೆ ಬಿಡು ಮಾರಾಯ, ಕೈ ತಪ್ಪಿ ಪೋಸ್ಟ್ ಆಯ್ತು. ಕೊಪ್ಪದ್ದಲ್ಲ, ಚಳಿದು.

ಸಿನಿಮಾ ಹೆಸ್ರು ಸಿಂಡ್ರೆಲಾಗೆ ಮೂರು ಹೇಜಲ್ ಬೀಜ ಅನ್ನೋ ಥರ ಬರತ್ತೆ, 1973ದು, ಆಗಿನ ಚೆಕೊಸ್ಲೊವಾಕಿಯಾ ಮತ್ತೆ ಪೂರ್ವ ಜರ್ಮನಿಯವ್ರು ಸೇರಿ ಮಾಡಿದ್ದು. ನಮ್ಮಲ್ಲಿ ಯುಗಾದಿಗೆ ಬೇವು ಬೆಲ್ಲ ಹೇಗೋ ಇಲ್ಲಿಯವ್ರಿಗೆ ಆ ಸಿನಿಮಾ ಹಾಗೆ, ಎಲ್ಲ ಡೈಲಾಗೂ ಬಾಯಿಪಾಠ. ಈ ಹುಡ್ಗಿ ಕುದುರೆ ಓಡಿಸ್ತಾಳೆ, ಬಿಲ್ಲು ಹೊಡೀತಾಳೆ, ಹಿಮದಲ್ಲಿ ರಾಜಕುಮಾರನ್ನ ಆಟ ಆಡಿಸ್ತಾಳೆ. ಮಸಿ ಟೆಸ್ಟಲ್ಲಿ ಖಂಡಿತ ಪಾಸು, ಮಲತಾಯಿ ಕಾಳು ಬೆರೆಸಿ ಆರಿಸು ಅಂತ ಕೂರಿಸ್ತಾಳೆ, ಪಾರಿವಾಳ ಬಂದು ಆರಿಸಿಕೊಡ್ತವೆ (ಆಲ್ದೂರು ಅಕ್ಕಂಗೆ ಪಾರಿವಾಳ ಬೇಕಾಗಿತ್ತು ಅನ್ಸತ್ತೆ). ಶೂಟಿಂಗಲ್ಲಿ ಹಿಮ ಸಾಲದೆ ಮೀನಿನ ಪುಡಿ ಎರಚಿದ್ರಂತೆ, ಆ ನಾತದಲ್ಲಿ ನಿಂತು ಇವ್ರು ಪ್ರೀತಿ ಪ್ರೇಮ ಆಕ್ಟ್ ಮಾಡ್ಬೇಕಾಗಿತ್ತು.

ಹೇಳ್ಬೇಕಾಗಿದ್ದು ಇದು. ನಾರ್ವೇಲಿ ಅದನ್ನ ಡಬ್ ಮಾಡಿರೋನು ಒಬ್ನೇ ಗಂಡಸು. ಸಿಂಡ್ರೆಲಾಗೂ ಅವನ್ದೇ ದನಿ, ಮಲತಾಯಿಗೂ ಅವನ್ದೇ, ರಾಜ್ನಿಗೂ ಅವನ್ದೇ, ಹಿಂದೆ ಚೆಕ್ ಭಾಷೆ ಸಣ್ಣಗೆ ಕೇಳ್ತಿರತ್ತೆ. ಮೊದಲನೇ ವರ್ಷ ನಕ್ಕೂ ನಕ್ಕೂ ಸಾಕಾಯ್ತು. ಮೂರನೇ ವರ್ಷಕ್ಕೆ ಏನನ್ಸ್ತು ಅಂದ್ರೆ, ನಮ್ಮಜ್ಜಿ ಕಥೆ ಹೇಳುವಾಗ್ಲೂ ಹುಲಿ, ಹಸು, ಗೊಲ್ಲ, ಎಲ್ಲದಕ್ಕೂ ಅದೇ ಒಂದು ದನಿ ತಾನೆ ಇದ್ದಿದ್ದು. ಈಗ ಹಿಮ ಬೀಳುವಾಗ ಅದನ್ನ ಹಾಕ್ಕೊಂಡು ಕೂತ್ರೆ ಯಾಕೋ ಊರಿನ ಜಗಲಿ ನೆನಪಾಗತ್ತೆ.

ಆಲ್ದೂರು ಮಳೆ
ಅಯ್ಯೋ ಅಣ್ಣ, ಇದು ನಮ್ಮನೇಲಿ ದಿನಾ ನಡಿಯೋದು. ಅಜ್ಜಿಗೆ ಇಂಗ್ಲಿಷ್ ಬರಲ್ಲ, ಎಲ್ಲ ಪಾತ್ರಕ್ಕೂ ನಾನೇ ಡಬ್ಬಿಂಗು. ರಾಜಕುಮಾರಂಗೆ ಸ್ವಲ್ಪ ಗಂಟಲು ದಪ್ಪ ಮಾಡ್ತೀನಿ.

ಮೂಡಿಗೆರೆ ಮಾರಾಯ
ಇಂಥದಕ್ಕೇ ಹೇಳೋದು ಎಲ್ಲ ಸಿನಿಮಾನೂ ಕನ್ನಡಕ್ಕೆ ನೀಟಾಗಿ ಡಬ್ ಮಾಡಿ ಅಂತ. ನಮ್ ತಲೆಮಾರಿನವ್ರು ಹಿಂದಿ, ತೆಲುಗಲ್ಲಿ ನೋಡ್ಕೊಂಡು ಬೆಳೆದ್ವಿ. ಮಕ್ಳಿಗಾದ್ರೂ ಮಲತಾಯಿ ಕನ್ನಡದಲ್ಲಿ ಬೈಲಿ

ಹಾಸನ ಹುಡ್ಗಿ
ಡಬ್ಬಿಂಗ್ ಜಗಳ ಇಲ್ಲಿ ಬೇಡ ಪ್ಲೀಸ್, ಹೋದ್ ಸಲ ಮುನ್ನೂರು ಕಮೆಂಟ್ ಆಗಿತ್ತು

ನಂದಿನ್ನೊಂದು, ಮ್ಯಾಲಿಫಿಸೆಂಟ್, 2014. ಏಂಜಲೀನಾ ಜೋಲಿ. ನಿದ್ದೆ ಹೋಗೋ ರಾಜಕುಮಾರಿ ಕಥೆನ ಶಾಪ ಕೊಟ್ಟೋಳ ಕಡೆಯಿಂದ ಹೇಳ್ತಾರೆ. ಪ್ರೀತಿ ಮಾಡಿದೋನೇ ಮದ್ದು ಕುಡಿಸಿ ಮಲಗಿಸಿ ಅವಳ ರೆಕ್ಕೆ ಕೊಯ್ಕೊಂಡು ಹೋಗಿರ್ತಾನೆ, ಬೆಳಗ್ಗೆ ಎದ್ದು ಬೆನ್ನು ಮುಟ್ಟಿ ನೋಡ್ಕೊಂಡು ಕಿರುಚ್ತಾಳೆ, ಮಕ್ಕಳ ಸಿನಿಮಾದಲ್ಲಿ ಆ ಕೂಗು ಕೇಳ್ತೀನಿ ಅಂದ್ಕೊಂಡಿರ್ಲಿಲ್ಲ. ನಮ್ಮೂರ ಒಂದು ಥಿಯೇಟರಲ್ಲಿ ನೋಡಿದ್ದು, ಥ್ರೀಡಿ ಕನ್ನಡಕಕ್ಕೆ ಎಕ್ಸ್‌ಟ್ರಾ ದುಡ್ಡು ತಗೊಂಡು ಇಂಟರ್ವಲ್ ಆದ್ಮೇಲೆ ಮಾಮೂಲಿ ಪ್ರಿಂಟ್ ಹಾಕಿದ್ರು, ಕೇಳಿದ್ರೆ ಕನ್ನಡಕ ತೆಗ್ದು ನೋಡಿ ಮೇಡಂ ಅಂದ್ರು. ಚಿಕ್ಕ ವಯಸ್ಸಿನ ರಾಜಕುಮಾರಿ ಆಗಿರೋದು ಜೋಲಿ ಮಗಳೇ, ಬೇರೆ ಮಕ್ಳೆಲ್ಲ ಆ ಕೊಂಬು ನೋಡಿ ಹೆದರ್ಕೊಂಡು ಅಳ್ತಿದ್ರಂತೆ.

ಅರಸೀಕೆರೆ ತೆಂಗಿನಕಾಯಿ
ಹುಡುಗ್ರೆಲ್ಲ ಇಂಗ್ಲಿಷಲ್ಲೇ ಸುತ್ತಾ ಇದ್ದೀರ. ಸ್ವಲ್ಪ ಇಲ್ಲಿ ನೋಡಿ.

ಜಾನಪದ ಸಿನಿಮಾದ ಬ್ರಹ್ಮ ಅಂತ ಕರೆಸ್ಕೊಂಡ ಬಿ. ವಿಠ್ಠಲಾಚಾರ್ಯರು ಹುಟ್ಟಿದ್ದು ಉಡುಪಿ ಕಡೆ ಆದ್ರೂ ಸಿನಿಮಾ ಕಲ್ತಿದ್ದು ನಮ್ಮ ಹಾಸನ ಜಿಲ್ಲೇಲಿ ಟೂರಿಂಗ್ ಟಾಕೀಸ್ ನಡೆಸ್ಕೊಂಡು. ಅರಸೀಕೇರೇಲಿ ಹೋಟ್ಲು ಇಟ್ಟಿದ್ರು, ಆಮೇಲೆ ಡಿ. ಶಂಕರ್ ಸಿಂಗ್ ಜೊತೆ ಸೇರಿ ಟೆಂಟು ಹಾಕಿದ್ರು. ಬಂದ ಪ್ರತಿ ಸಿನಿಮಾನೂ ದಿನಾ ನೋಡಿ ನೋಡಿ, ಜನ ಎಲ್ಲಿ ಬೀಡಿ ಹಚ್ತಾರೆ, ಎಲ್ಲಿ ಬಾಯ್ ಬಿಟ್ಕೊಂಡು ನೋಡ್ತಾರೆ ಅಂತ ಟೆಂಟಿನ ಹಿಂದೆ ನಿಂತೇ ತಿಳ್ಕೊಂಡಿರ್ಬೇಕು ಅನ್ನೋದು ನನ್ನ ಲೆಕ್ಕ. ಮೈಸೂರಿಗೆ ಹೋಗಿ ಇಬ್ರೂ ಮಹಾತ್ಮ ಪಿಕ್ಚರ್ಸ್ ಕಟ್ಟಿದ್ರು, 1951ರ ಕನ್ನಡದ ಜಗನ್ಮೋಹಿನಿ ಅವ್ರದ್ದೇ ಸಂಸ್ಥೇದು. ಆಮೇಲೆ ಆಚಾರ್ರು ಮದ್ರಾಸಿಗೆ ಹೋಗಿ ತೆಲುಗಲ್ಲಿ ದೆವ್ವ, ಮಾಂತ್ರಿಕ, ಹಾರೋ ಚಾಪೆ ಅಂತ ಸಾಲಾಗಿ ತೆಗೆದ್ರು.

ನನ್ನ ಓಟು ಮಾತ್ರ ಅವ್ರದ್ದಕ್ಕಲ್ಲ, ಪಾತಾಳ ಭೈರವಿಗೆ. ಅದೂ 1951ದು, ಕೆ.ವಿ. ರೆಡ್ಡಿ ಡೈರೆಕ್ಷನ್ನು, ಎನ್‌ಟಿಆರ್ ಹೀರೋ, ನೇಪಾಳದ ಮಾಂತ್ರಿಕನಾಗಿ ಎಸ್.ವಿ. ರಂಗರಾವ್. ನಾನು ನೋಡಿದ್ದು ಮರುಬಿಡುಗಡೆ ಆದಾಗ ಟೆಂಟಲ್ಲಿ, ನೆಲದ ಟಿಕೆಟ್ಟು, ಮರಳು ಗುಡ್ಡೆ ಮಾಡ್ಕೊಂಡು ಅದರ ಮೇಲೆ ಕೂತ್ರೆ ಮುಂದಿನವನ ತಲೆ ಅಡ್ಡ ಬರಲ್ಲ, ಹಿಂದಿನವನು ಬೈತಾನೆ ಅಷ್ಟೆ. ನಂಗಾಗ ತೆಲುಗು ಒಂದಕ್ಷರ ಬರ್ತಿರ್ಲಿಲ್ಲ. ರಂಗರಾಯರು ಆ ಗಡ್ಡದಲ್ಲಿ ಬೆರಳಾಡಿಸಿ ಕಣ್ಣು ಹೊರಳಿಸಿದ್ರೆ ಭಾಷೆ ಯಾಕ್ರೀ ಬೇಕು. ಪಕ್ಕದಲ್ಲಿದ್ದ ನಮ್ಮ ಚಿಕ್ಕಪ್ಪ ಕೈಲಿದ್ದ ಕಡ್ಲೇಕಾಯಿ ಸುಲಿಯೋದೇ ಮರ್ತಿದ್ರು. ಈಗಿನ ಕಂಪ್ಯೂಟರ್ ಭೂತ ನೋಡಿದ್ರೆ ನನ್ನ ಮೊಮ್ಮಗ ಆಕಳಿಸ್ತಾನೆ.

ಕಾಫಿ ಕುಡ್ಕ ಚಿಕ್ಮಗ್ಳೂರು
ಅಣ್ಣಾ ಅದು ಕ್ಲಾಸಿಕ್ ಕಥೆ ಲಿಸ್ಟಲ್ಲಿ ಬರತ್ತಾ? ಒಂಥರಾ ಅಲ್ಲಾದೀನ್ ಅಲ್ವಾ ಅದು

ಅರಸೀಕೆರೆ ತೆಂಗಿನಕಾಯಿ
ಕಾಶೀಮಜಿಲೀ ಕಥೆಗಳು ಅಂತ ತೆಲುಗಲ್ಲಿ ಇದೆಯಪ್ಪ, ಕಾಶಿಗೆ ನಡ್ಕೊಂಡು ಹೋಗುವಾಗ ತಂಗುದಾಣದಲ್ಲಿ ಹೇಳೋ ಕಥೆಗಳು. ಅದರ ಸೊಗಡೂ ಇದೆ, ಅಲ್ಲಾದೀನನ ವಾಸನೆಯೂ ಇದೆ. ಕ್ಲಾಸಿಕ್ ಅನ್ನಿಸ್ಕೊಳ್ಳೋಕ್ಕೆ ಪ್ಯಾರಿಸ್ಸಲ್ಲೇ ಅಚ್ಚಾಗ್ಬೇಕಾ?

ನಿವೃತ್ತ ಮೇಷ್ಟ್ರು
ಅಲ್ಲಾದೀನ ಕೂಡ ಪ್ಯಾರಿಸ್ಸಲ್ಲೇ ಅಚ್ಚಾಗಿದ್ದು, ಆದರೆ ಹೇಳಿದವನು ಅಲೆಪ್ಪೊ ಊರಿನ ಹನ್ನಾ ದಿಯಾಬ್ ಅನ್ನೋ ಹುಡುಗ. ಗಾಲಾಂ ಅನ್ನೋ ಫ್ರೆಂಚ್ ವಿದ್ವಾಂಸ ಬರೆದುಕೊಂಡು ತನ್ನ ಸಾವಿರದ ಒಂದು ರಾತ್ರಿಗೆ ಸೇರಿಸಿದ, ಹಳೇ ಅರಬ್ಬಿ ಹಸ್ತಪ್ರತಿಯಲ್ಲಿ ಆ ಕಥೆ ಇಲ್ಲ. ಇನ್ನೂ ತಮಾಷೆ ಅಂದ್ರೆ ಕಥೆ ನಡೆಯೋದು ಚೀನಾದಲ್ಲಿ. 2019ರ ಸಿನಿಮಾದವರು ಅಗ್ರಬಾ ಅಂತ ಇಲ್ಲದ ಊರಿಟ್ಟುಕೊಂಡು ಅರಬ್ಬರನ್ನೂ ನಮ್ಮನ್ನೂ ಕಲಸಿ ಕುಣಿಸಿದ್ದು ನೋಡಿ ಬೇಜಾರಾಗಲಿಲ್ಲ ನನಗೆ, ಮೊದಲಿಂದಲೂ ಅದು ಕಲಸುಮೇಲೋಗರವೇ.

ಸಕಲೇಶಪುರ ಘಾಟಿ
ಲೇಟಾಗಿ ಬಂದೆ, ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲ ನೆಟ್‌ವರ್ಕಿಲ್ಲ. ನಂಗೆ ಇಷ್ಟ ಅಂದ್ರೆ ಚೆಲುವಿ, 1992, ಗಿರೀಶ್ ಕಾರ್ನಾಡ್ ಮಾಡಿದ್ದು, ಹಿಂದೀಲಿದೆ ಆದ್ರೆ ಕಥೆ ಅಚ್ಚ ಕನ್ನಡದ್ದು, ಹೂವಿನ ಮರ ಆಗೋ ಹುಡ್ಗಿ ಕಥೆ, ನಮ್ಮಮ್ಮ ಹೇಳ್ತಿದ್ದಿದ್ದು. ಬಡ ಮನೆ ಹುಡ್ಗಿಗೆ ಒಂದು ವಿದ್ಯೆ ಗೊತ್ತಿರತ್ತೆ, ಒಂದು ಬಿಂದಿಗೆ ನೀರು ಮೈ ಮೇಲೆ ಹೊಯ್ದ್ರೆ ಮರ ಆಗ್ತಾಳೆ, ಮೈ ತುಂಬ ಹೂವು, ಇನ್ನೊಂದು ಬಿಂದಿಗೆ ಹೊಯ್ದ್ರೆ ಮತ್ತೆ ಹುಡ್ಗಿ, ಆದ್ರೆ ಹೂವು ಬಿಡಿಸುವಾಗ ಉಗುರು ತಾಗ್ಬಾರ್ದು ಟೊಂಗೆ ಮುರೀಬಾರ್ದು, ಮದ್ವೆ ಆದ್ಮೇಲೆ ನಾದಿನಿ ಹಟ ಮಾಡಿ ಗೆಳತೀರ ಮುಂದೆ ಮರ ಮಾಡಿಸ್ತಾಳೆ, ಹುಡುಗೀರೆಲ್ಲ ಎಳೆದಾಡಿ ಟೊಂಗೆ ಮುರ್ದು ಹಾಕಿ ಹೋಗ್ಬಿಡ್ತಾರೆ, ನೀರು ಹೊಯ್ದಾಗ ಕೈಕಾಲಿಲ್ಲದ ಮೊಂಡು ದೇಹ ಆಗಿ ಉಳೀತಾಳೆ. ಸೊನಾಲಿ ಕುಲಕರ್ಣಿಗೆ ಅದು ಮೊದಲ್ನೇ ಸಿನಿಮಾ. ನಮ್ಮಮ್ಮನ ಕಥೇಲಿ ಗಂಡ ಆ ಮುರಿದ ಟೊಂಗೆ ಎಲ್ಲ ನೆಟ್ಟಗೆ ಜೋಡಿಸಿ ನೀರು ಹೊಯ್ದು ಅವಳನ್ನ ವಾಪಸ್ ಪಡೀತಾನೆ, ಸಿನಿಮಾದಲ್ಲಿ ಆ ಸುಖ ಇಲ್ಲ, ಪರಿಸರದ ಸಿನಿಮಾ ಅಂತ ರಾಷ್ಟ್ರಪ್ರಶಸ್ತಿ ಬಂದಿದ್ದು ಅದಕ್ಕೇ ಇರ್ಬೇಕು.

ಇದನ್ಯಾಕೆ ಹೇಳ್ತಿದೀನಿ ಅಂದ್ರೆ, ಹೋದ್ ತಿಂಗಳು ನಮ್ ತೋಟದಲ್ಲಿ ನೆರಳಿಗಿದ್ದ ಒಂದು ಹಳೇ ಅತ್ತಿ ಮರದ ಕೊಂಬೆ ಕಪಾತು ಮಾಡಿಸ್ತಿದ್ದೆ, ಮಚ್ಚು ಬಿದ್ದ ಕಡೆ ಹಾಲು ಒಸರ್ತಿತ್ತು, ಇದ್ದಕ್ಕಿದ್ದಂಗೆ ಆ ಸಿನಿಮಾ ನೆನಪಾಗಿ ಆಳಿಗೆ ಸಾಕು ಇಳಿ ಅಂದೆ. ಅವನು ಇನ್ನೂ ಅರ್ಧ ಇದೆಯಲ್ಲ ಸಾವ್ಕಾರ್ರೆ ಅಂದ. ಏನಂತ ಹೇಳ್ಲಿ ಅವನಿಗೆ. ಅರ್ಧ ಕಪಾತು ಆದ ಮರ ಹಂಗೇ ನಿಂತಿದೆ.

ಹಾಸನ ಹುಡ್ಗಿ
ಈ ಕಾಮೆಂಟ್ ಎರಡು ಸಲ ಓದಿದೆ ಅಂಕಲ್

ನಿವೃತ್ತ ಮೇಷ್ಟ್ರು
ಕಾರ್ನಾಡರ ಮಾತು ಬಂತಲ್ಲ, ನಾಗಮಂಡಲ ಮರೆಯೋ ಹಾಗಿಲ್ಲ. ನಾಗಾಭರಣ, 1997, ಪ್ರಕಾಶ್ ರೈ, ವಿಜಯಲಕ್ಷ್ಮಿ, ಸಿ. ಅಶ್ವಥ್ ಸಂಗೀತ. ಹೆಂಡತಿಯನ್ನ ಮನೆಯಲ್ಲಿ ಕೂಡಿಹಾಕಿ ಬೀಗ ಜಡಿದು ಹೋಗೋ ಗಂಡ, ರಾತ್ರಿ ಅವನದೇ ರೂಪದಲ್ಲಿ ಬರೋ ನಾಗ. ಫ್ರಾನ್ಸಿನವರು ಹೇಳೋ ಬ್ಯೂಟಿ ಅಂಡ್ ದ ಬೀಸ್ಟ್ ಇದೇ ಬೇರಿನದ್ದು, ಪ್ರಾಣಿಯಾಗಿ ಬರೋ ಗಂಡ. ಆದರೆ ಅಲ್ಲಿ ಮೃಗ ಕೊನೆಗೆ ಮನುಷ್ಯ ಆಗ್ತಾನೆ, ಕಥೆ ಮುಗೀತದೆ. ನಮ್ಮಲ್ಲಿ ಮನುಷ್ಯ ಗಂಡನೇ ಮೃಗ, ಹಾವೇ ಪ್ರೀತಿ ಗೊತ್ತಿರೋನು. ಯಾವುದು ಹೆಚ್ಚು ಬಲ್ಲ ಕಥೆ ನೀವೇ ಹೇಳಿ.

ಬ್ಯೂಟಿ ಅಂಡ್ ದ ಬೀಸ್ಟ್ ನೋಡೋದಾದರೆ 2017ರದ್ದು ಬಿಡಿ, ಜಾನ್ ಕಾಕ್ತೋ 1946ರಲ್ಲಿ ತೆಗೆದ ಕಪ್ಪುಬಿಳುಪಿನದ್ದು ನೋಡಿ. ಯುದ್ಧ ಆಗಷ್ಟೇ ಮುಗಿದ ಬರಗಾಲದಲ್ಲಿ ಮಾಡಿದ್ದು. ಮೃಗದ ಕೋಟೆಯ ಗೋಡೆಯಿಂದ ಮನುಷ್ಯರ ತೋಳುಗಳು ಹೊರಗೆ ಚಾಚಿಕೊಂಡು ದೀಪ ಹಿಡಿದಿರ್ತವೆ, ಆ ಹುಡುಗಿಯ ತಂದೆ ನಡೆದ ಹಾಗೆ ಒಂದೊಂದೇ ಹತ್ತಿಕೊಳ್ತವೆ. ಬೇಟೆ ಆಡಿ ಬಂದ ಮೃಗದ ಕೈಯಿಂದ ಹೊಗೆ ಏಳ್ತಿರ್ತದೆ, ತನ್ನ ಕೈ ತಾನೇ ನೋಡಿಕೊಂಡು ನಾಚ್ತದೆ ಅದು. ಕಂಪ್ಯೂಟರ್ ಇಲ್ಲದ ಕಾಲ. ಮೃಗ ಆಗಿದ್ದವನು ಜಾನ್ ಮಾರೇ.

ಕಾಫಿ ಕುಡ್ಕ ಚಿಕ್ಮಗ್ಳೂರು
ಮೇಷ್ಟ್ರೆ ಅದೇ ಜಾನ್ ಮಾರೇ ಇರೋ ಇನ್ನೊಂದು ಹೇಳ್ತೀನಿ, ಅಜ್ಜಿಗೂ ಸರಿಹೋಗತ್ತೆ ಅನ್ಸತ್ತೆ. ಕತ್ತೆ ತೊಗಲು, ಫ್ರೆಂಚಲ್ಲಿ ಪೋ ದಾನ್, 1970, ಜಾಕ್ ದೆಮಿ ಮಾಡಿದ್ದು (ಊರಿನ ಇಲಿ ಓಡಿಸೋ ಕೊಳಲಿನವನ ಕಥೆನೂ 1972ರಲ್ಲಿ ಅವನೇ ತೆಗೆದ, ನಮ್ಗೆ ಕುವೆಂಪು ಕಿಂದರಿಜೋಗಿ ಮಾಡಿಕೊಟ್ರಲ್ಲ ಅದೇ. ಕುವೆಂಪು ಹುಟ್ಟಿದ್ದು ನಮ್ ಜಿಲ್ಲೆ ಹಿರೇಕೊಡಿಗೇಲಿ ಅಂತ ಶಿವಮೊಗ್ಗದವ್ರಿಗೆ ಆಗಾಗ ನೆನಪಿಸ್ತಿರ್ಬೇಕು). ಕತ್ರೀನ್ ದನೂವ್ ರಾಜಕುಮಾರಿ, ಕತ್ತೆ ಚರ್ಮ ಹೊದ್ಕೊಂಡು ಓಡಿಹೋಗಿ ಹಂದಿ ಕೊಟ್ಟಿಗೆ ಕೆಲ್ಸಕ್ಕೆ ಸೇರ್ತಾಳೆ, ಮುಖದ ಮೇಲೆ ಕೊಳೆ ನಿಜವಾಗ್ಲೂ ಇದೆ. ಮಿಶೆಲ್ ಲೆಗ್ರಾಂ ಮ್ಯೂಸಿಕ್ಕು. ಒಂದು ರಾಜ್ಯದ ಆಳುಗಳಿಗೆಲ್ಲ ನೀಲಿ ಮುಖ, ಇನ್ನೊಂದು ರಾಜ್ಯದಲ್ಲಿ ಕೆಂಪು ಕುದುರೆ. ತಲೆ ಕೆಟ್ಟಿರೋ ಸಿನಿಮಾ, ಪ್ರೀತಿಯಿಂದ ಹೇಳ್ತಿದೀನಿ.

ಆಲ್ದೂರು ಮಳೆ
ನಿನ್ನೆ ರಾತ್ರಿ ನೋಡಿದ್ವಿ!! ಲ್ಯಾಪ್‌ಟಾಪಲ್ಲಿ, ಅಜ್ಜಿ ಹೊಡಚಲ (ಚಳಿ ಕಾಯಿಸೋ ಬೆಂಕಿ) ಪಕ್ಕ ಮಣೆ ಹಾಕ್ಕೊಂಡು, ಹುಡ್ಗಿ ಅಜ್ಜಿ ಸೆರಗೊಳಗೆ, ನಾನು ಓಸ್ಲೋ ಅಣ್ಣ ಹೇಳಿದ ಆ ನಾರ್ವೆಯವನ ಥರ ಸಬ್‌ಟೈಟಲ್ ಓದ್ಕೊಂಡು ಎಲ್ಲ ಪಾತ್ರಕ್ಕೂ ಒಬ್ಳೇ. ಬರೀಬೇಕು ಅನ್ಸಿದೆ, ಉದ್ದ ಆಗತ್ತೆ, ಬೈಬೇಡಿ.

ಶುರುವಲ್ಲಿ ರಾಣಿ ಸಾಯ್ತಾಳೆ, ನನಗಿಂತ ಚೆಲುವೆ ಸಿಕ್ರೆ ಮಾತ್ರ ಇನ್ನೊಂದು ಮದ್ವೆ ಆಗು ಅಂತ ರಾಜನ ಹತ್ರ ಮಾತು ತಗೋತಾಳೆ. ಲೋಕವೆಲ್ಲ ಹುಡುಕಿಸಿದ್ರೂ ಅಂಥವಳು ಸಿಗಲ್ಲ, ಇರೋದು ಒಬ್ಳೇ, ಅವನ ಮಗಳೇ. ಅಪ್ಪ ಮಗಳನ್ನೇ ಮದ್ವೆ ಆಗ್ತೀನಿ ಅಂತಾನೆ. ಹುಡ್ಗಿ ಮುಂದೆ ಇದನ್ನ ಹೇಗಪ್ಪ ಹೇಳೋದು ಅಂತ ನಾನು ತಡವರಿಸ್ತಾ ಇದ್ರೆ ಅಜ್ಜಿ ಒಂಚೂರೂ ಅಲುಗಾಡ್ಲಿಲ್ಲ. "ನಿಲ್ಸೇ ಅದನ್ನ. ಇದು ಹಂಚಿ ಕಥೆ ಅಲ್ವೇನೇ" ಅಂತು.

ನಿಲ್ಸಿದೆ. ಅಜ್ಜಿ ಹೇಳ್ತು. ಒಬ್ಳು ಮುದುಕಿಗೆ ಒಬ್ಬ ಮಗ ಒಬ್ಳು ಮಗಳು, ಮಗಳಿಗೆ ಚಿನ್ನದ ಕೂದ್ಲು. ಒಂದಿನ ಅಣ್ಣಂಗೇ ಆ ಕೂದ್ಲ ಮೇಲೆ ಕಣ್ಣು ಬೀಳತ್ತೆ, ತಂಗೀನೇ ಮದ್ವೆ ಮಾಡ್ಕೊಡು ಅಂತ ತಾಯಿ ಹತ್ರ ಕೂರ್ತಾನೆ. ತಾಯಿ ಹ್ಞೂಂ ಅಂತ ಅವನ್ನ ಸಾಮಾನು ತರೋಕ್ಕೆ ಅಟ್ಟಿ, ಮಗಳ ಮುಖಕ್ಕೆ ಸರಿಯಾಗಿ ಕೂರೋ ಹಂಗೆ ಮಣ್ಣಿನ ಮುಖವಾಡ ಮಾಡಿಸಿ ದೂರ ಕಳಿಸ್ಬಿಡ್ತಾಳೆ. ಹಂಚು ಮುಖಕ್ಕೆ ಹಾಕ್ಕೊಂಡೋಳು ಅಂತ ಹಂಚಿ. ಸಾಹುಕಾರರ ಮನೇಲಿ ಅಡುಗೆ ಕೆಲ್ಸಕ್ಕೆ ಸೇರ್ತಾಳೆ. (ಇಲ್ಲಿ ಅಜ್ಜಿ ನನ್ನ ಕಡೆ ತಿರುಗಿ, "ಇವ್ಳಿಗೆ ಅಡುಗೆ ಬತ್ತಿತ್ತು" ಅಂತು, ಸಿಂಡ್ರೆಲಾಗೆ ಇಟ್ಟಿದ್ದು ಅದು.) ಒಂದಿನ ಮನೇಲಿ ಯಾರೂ ಇಲ್ಲ ಅಂತ ಮುಖವಾಡ ತೆಗ್ದು ಎಣ್ಣೆ ನೀರು ಹಾಕ್ಕೊಳ್ಳುವಾಗ ಸಾಹುಕಾರರ ಕಿರೀ ಮಗ ನೋಡಿಬಿಡ್ತಾನೆ. ಮದ್ವೆ ಆಗತ್ತೆ. ಅಲ್ಲಿಗೂ ಮುಗಿಯಲ್ಲ, ಆ ಮನೆಗೆ ಬರೋ ಗುರುಸ್ವಾಮಿಗೂ ಇವಳ ಮೇಲೆ ಕಣ್ಣು, ಇಲ್ಲದ ಆರೋಪ ಹೊರಿಸಿ ಇವಳನ್ನ ಪೆಟ್ಟಿಗೇಲಿ ಹಾಕಿಸಿ ಸಾಗಿಸ್ತಾನೆ, ದಾರೀಲಿ ಒಬ್ಳು ಮುದುಕಿ ಮನೇಲಿ ಪೆಟ್ಟಿಗೆ ಇಟ್ಟಿರ್ತಾನೆ, ಮುದುಕಿ ತೆಗ್ದು ಹಂಚೀನ ಹೊರಗೆ ಬಿಟ್ಟು ಒಳಗೆ ಹುಚ್ಚು ನಾಯಿ ಹಾಕಿ ಮುಚ್ತಾಳೆ. ಸ್ವಾಮಿ ರಾತ್ರಿ ಆಸೆಯಿಂದ ಪೆಟ್ಟಿಗೆ ತೆಗೀತಾನೆ. ಅಷ್ಟೆ.

ಹುಡ್ಗಿ ಚಪ್ಪಾಳೆ ತಟ್ಟಿದ್ಲು. ನಾನು ಮೂವತ್ನಾಲ್ಕು ವರ್ಷ ಈ ಅಜ್ಜಿ ಜೊತೆ ಬದುಕಿದೀನಿ, ಈ ಕಥೆ ನಂಗೆ ಒಂದ್ಸಲನೂ ಹೇಳಿಲ್ಲ. ಯಾಕಜ್ಜಿ ಅಂದ್ರೆ "ನೀ ಕೇಳ್ಲಿಲ್ಲ, ನಿಂಗೆ ಟಿವಿ ಇತ್ತು" ಅಂತು.

ಆಮೇಲೆ ಸಿನಿಮಾ ಮುಂದುವರ್ಸಿದ್ವಿ. ಕತ್ತೆ ತೊಗಲಿನವಳು ಗುಡಿಸಲಲ್ಲಿ ಕೇಕ್ ಮಾಡೋ ಹಾಡಿದೆ, ಅವಳು ಇಬ್ರಾಗಿ ಇರ್ತಾಳೆ, ಒಬ್ಳು ಕತ್ತೆ ತೊಗಲಲ್ಲಿ, ಇನ್ನೊಬ್ಳು ಸೂರ್ಯನ ಬಣ್ಣದ ಗೌನಲ್ಲಿ, ಒಬ್ಳು ಪುಸ್ತಕ ನೋಡಿ ಹೇಳೋದು ಇನ್ನೊಬ್ಳು ಹಿಟ್ಟು ಕಲಸೋದು, ಮೊಟ್ಟೆ ಒಡೆದ್ರೆ ಒಳಗಿಂದ ಕೋಳಿಮರಿ ಬರತ್ತೆ. ಅಜ್ಜಿ ಮುಂದಕ್ಕೆ ಬಗ್ಗಿ ನೋಡ್ತು. "ಹಿಟ್ಟು ಕಲಸಕ್ಕೆ ಬರಲ್ಲ ಆದ್ರೂ ಕೈ ಹಾಕಿದಾಳೆ" ಅಂತ ಪಾಸ್ ಮಾಡ್ತು. ಮಸಿ ಟೆಸ್ಟಲ್ಲಿ ಜಸ್ಟ್ ಪಾಸು.

ಕ್ಲೈಮ್ಯಾಕ್ಸಲ್ಲಿ ಮಾತ್ರ ಸಿಟ್ಟು ಬಂತು. ಮದ್ವೆಗೆ ಅಪ್ಪ ಹೆಲಿಕಾಪ್ಟರಲ್ಲಿ ಬಂದಿಳೀತಾನೆ (ಹೌದು, ಹೆಲಿಕಾಪ್ಟರೇ), ಪಕ್ಕದಲ್ಲಿ ಇವಳಿಗೆ ಸಹಾಯ ಮಾಡಿದ ದೇವತೆ, ಇಬ್ರೂ ಮದ್ವೆ ಆಗ್ತೀವಿ ಅಂತಾರೆ, ಎಲ್ರೂ ಖುಷಿ. ಅಜ್ಜಿ ಸ್ಕ್ರೀನು ನೋಡಿ ನನ್ನ ನೋಡಿ, "ನಾಯಿ ಎಲ್ಲಿ?" ಅಂತು.

ಸಕಲೇಶಪುರ ಘಾಟಿ
ನಾಯಿ ಎಲ್ಲಿ 😂😂 ಅಜ್ಜಿಗೆ ಕೈ ಮುಗ್ದೆ

ನಿವೃತ್ತ ಮೇಷ್ಟ್ರು
ಮೈ ಜುಮ್ ಅಂತು ತಾಯಿ. ಎ.ಕೆ. ರಾಮಾನುಜನ್ ಈ ಹಂಚಿ ಕಥೆ ಮೇಲೆ ಲೇಖನವನ್ನೇ ಬರೆದಿದ್ದಾರೆ, ಕನ್ನಡದ ಸಿಂಡ್ರೆಲಾ ಅಂತಲೇ ಕರೆದು. ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡಿಸ್ 1982ರಲ್ಲಿ ತಂದ ಸಿಂಡ್ರೆಲಾ ಸಂಕಲನದಲ್ಲೂ ಅದು ಸೇರಿದೆ. ಕಾರ್ನಾಡರಿಗೆ ನಾಗಮಂಡಲದ ಕಥೆ ಹೇಳಿದವರೂ, ಘಾಟಿಯವರು ಹೇಳಿದ ಹೂವಿನ ಮರದ ಕಥೆಯನ್ನ ಇಂಗ್ಲಿಷಿಗೆ ತಂದವರೂ ಅವರೇ. ಹಾವು ನಾಟಕ ಆಯ್ತು, ಸಿನಿಮಾ ಆಯ್ತು. ಮರ ಸಿನಿಮಾ ಆಯ್ತು. ಹಂಚಿ ಮಾತ್ರ ಇನ್ನೂ ಮುಖವಾಡ ಹಾಕಿಕೊಂಡೇ ಕೂತಿದ್ದಾಳೆ. ಒಂದು ವಿನಂತಿ, ಅಜ್ಜಿ ಹೇಳಿದ ಹಾಗೇ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ತಿದ್ದಬೇಡಿ.

ಅರಸೀಕೆರೆ ತೆಂಗಿನಕಾಯಿ
ಟೆಂಟಲ್ಲಿ ಓಡೋ ಕಥೆ ಇದು. ಪೆಟ್ಟಿಗೆ ತೆಗೆಯೋ ಸೀನಿಗೆ ಒಬ್ಬನೂ ಬೀಡಿ ಹಚ್ಚಲ್ಲ.

ಮೂಡಿಗೆರೆ ಮಾರಾಯ
ಸ್ವಾಮಿ ಪಾತ್ರಕ್ಕೆ ಪ್ರಕಾಶ್ ರೈ ಫಿಕ್ಸ್. ಹಂಚಿ ಯಾರು?

ಹಾಸನ ಹುಡ್ಗಿ
ಹೊಸಬ್ರು ಬೇಕು, ಹೆಸ್ರಿರೋ ಹೀರೋಯಿನ್ ಆದ್ರೆ ಇಂಟರ್ವಲ್ ತನಕ ಮುಖವಾಡ ಹಾಕ್ಕೊಳ್ಳೋಕ್ಕೆ ಒಪ್ತಾರಾ

ಆಲ್ದೂರು ಮಳೆ
ಹಂಚಿ ಇಲ್ಲೇ ರೆಡಿ ಇದಾಳೆ. ಬೆಳಗ್ಗೆ ನೋಡ್ತೀನಿ, ಗಾಳಿಗೆ ಮಾಡಿಂದ ಬಿದ್ದಿದ್ದ ಮಂಗಳೂರು ಹಂಚಿನ ತುಂಡು ಎತ್ಕೊಂಡು ಬಂದು ಮುಖಕ್ಕೆ ಹಿಡ್ಕೊಂಡು ಜಗಲೀಲಿ ಓಡಾಡ್ತಿದಾಳೆ, ಮೂಗೆಲ್ಲ ಪಾಚಿ. ಅಜ್ಜಿ "ಆ ಹಂಚಲ್ಲ ಕಣೇ, ಬಿಸಾಕು, ಕೊಯ್ಯತ್ತೆ" ಅಂತ ಕೂಗ್ತಿದೆ. ನಾಯಿ ಪಾತ್ರಕ್ಕೆ ನಮ್ಮನೆ ಟಾಮಿನ ಪೆಟ್ಟಿಗೇಲಿ ಕೂರಿಸೋಕ್ಕೆ ನೋಡಿದ್ವಿ, ಕಾಫಿ ಮೂಟೆ ಮೇಲೆ ಹೋಗಿ ಮಲಗಿದೆ, ಇಳೀತಿಲ್ಲ.